ಮಾಲ್ಟಾದ ಗುಡಿಯಲ್ಲಿ ಬರಿಗಾಲು

ಬರ್ಮಿಂಗ್‌ಹ್ಯಾಮ್‌ನಿಂದ ಮಾಲ್ಟಾ ದ್ವೀಪಕ್ಕೆ ಹೊರಟ ಪ್ರವಾಸಿಗರ ಗುಂಪಿನಲ್ಲಿ ಒಂಟಿಯಾಗಿ ಬಂದವನು ನಾನೊಬ್ಬನೇ. ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ನಾನಾಗಿ ಮಾತಾಡಿಸಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಡಲಂಚಿನ ಪುರಾತನ ಕಲ್ಲಿನ ಗುಡಿಗೆ ಹೋದೆವು. ಬಾಗಿಲಲ್ಲಿ ನಾನು ಯೋಚಿಸದೆ ಶೂ ಬಿಚ್ಚಿಟ್ಟೆ. ವಾರವಾರ ನಮ್ಮ ಬರ್ಮಿಂಗ್‌ಹ್ಯಾಮ್ ಪಕ್ಕದ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗುವವನ ಅಭ್ಯಾಸ. ಹಿಂದೆ ಯಾರೋ ನಕ್ಕರು.

"ಶೂ ಯಾಕೆ ಬಿಚ್ಚಿದಿರಿ ಸರ್? ಇಲ್ಲಿ ಪೂಜೆ ನಿಂತು ಸಾವಿರಾರು ವರ್ಷವಾಯಿತು," ಎಂದ ಗೈಡ್. "ಯಾವ ದೇವರೆಂದೂ ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ ಇಲ್ಲ ಅಂತಲ್ಲವಲ್ಲ," ಎಂದೆ. ಕಿವಿ ಬಿಸಿಯಾಗಿತ್ತು.

ಅಷ್ಟರಲ್ಲಿ ಗುಂಪಿನ ವೃದ್ಧೆಯೊಬ್ಬರು ಬಂದು ನನ್ನ ತೋಳು ಹಿಡಿದರು. "ಅಲುಗಾಡಬೇಡ ಮಗಾ, ಬಿದ್ದೇನು," ಎನ್ನುತ್ತಾ ತಮ್ಮ ಶೂಗಳನ್ನೂ ಕಳಚಿದರು.

"ನಿಮಗೂ ನಂಬಿಕೆಯೇ?" ಎಂದು ಕೇಳಿದೆ.

"ಅಯ್ಯೋ ಇಲ್ಲಪ್ಪ. ಬೆಳಗಿನಿಂದ ಶೂ ಕಚ್ಚುತ್ತಿತ್ತು. ಯಾರಾದರೂ ಮೊದಲು ಬಿಚ್ಚಲಿ ಅಂತ ಕಾಯುತ್ತಿದ್ದೆ."

ಬಿಸಿಲಿಗೆ ಕಾದ ಕಲ್ಲಿನ ಮೇಲೆ ಇಬ್ಬರೂ ಕುಣಿಯುತ್ತಾ ನೆರಳು ಸೇರಿದೆವು. ಅಲ್ಲಿ ಕೂತು ಅಂಗಾಲು ಉಜ್ಜಿಕೊಳ್ಳುತ್ತಾ ಬೊಬ್ಬೆಗೆ ಯಾವ ಮುಲಾಮು ಒಳ್ಳೆಯದೆಂದು ಬಹಳ ಹೊತ್ತು ಚರ್ಚಿಸಿದೆವು.

ಇಡೀ ಪ್ರವಾಸದಲ್ಲಿ ನಾನು ಆಡಿದ ಅತಿ ಉದ್ದದ ಮಾತುಕತೆ ಅದೇ. ಗುಡಿಯನ್ನು ಮಾತ್ರ ಸರಿಯಾಗಿ ನೋಡಲಿಲ್ಲ.