ನೀರು ಕಲಿಯಲು ಕಡಲಿಗೆ ಹೋದವರು

ಕಾರೆಕಂಡಿ ಹಾಡಿಯ ಚೋಮಿಗೆ ಸಿಟ್ಟು ಬಂದರೆ ಅವಳು ಕೂಗಾಡುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎದುರಿಗಿದ್ದವರ ಮುಖವನ್ನೇ ನೋಡುತ್ತ ನಿಂತುಬಿಡುತ್ತಾಳೆ. ಅಮ್ಮತ್ತಿ ಕಡೆಯ ಎಸ್ಟೇಟೊಂದರ ಕೂಲಿ ಲೈನಿನಲ್ಲಿ ಹುಟ್ಟಿ, ಹತ್ತು ತುಂಬುವ ಮೊದಲೇ ಕಾಫಿ ಪಿಕ್ಕಿಂಗಿಗೆ ಇಳಿದವಳು. ಹದಿನೆಂಟರ ಹುಡುಗಿಯಾಗಿದ್ದಾಗ, ತೂಕ ಬರೆಯುವ ರೈಟರು ಅವಳ ಕಾಫಿ ಹಣ್ಣಿನ ಚೀಲದಲ್ಲಿ ಮೂರು ಕಿಲೋ ನುಂಗಿದ್ದನಂತೆ. ಇವಳು ಚೀಲ ಕೆಳಗಿಳಿಸಿ ತಾನೇ ತೂಕದ ಯಂತ್ರ ಹತ್ತಿ ನಿಂತಳು. "ನನ್ ತೂಕ ಮೊನ್ನೆ ಆಸ್ಪತ್ರೇಲಿ ನೋಡಿದಾರೆ. ನಿಮ್ ಯಂತ್ರ ಎಷ್ಟು ಹೇಳ್ತದೆ, ಜೋರಾಗಿ ಓದಿ ನೋಡುವ" ಅಂದಳು. ಆ ಇಡೀ ಸೀಸನ್ನಿನಲ್ಲಿ ಮತ್ತೆ ಯಾರ ಚೀಲವೂ ಹಗುರಾಗಲಿಲ್ಲ.

ಈಗ ಅವಳಿಗೆ ಐವತ್ತೆಂಟು. ಮದುವೆಯಾಗಿ ಅವಳನ್ನು ಈ ಹಾಡಿಗೆ ಕರೆತಂದ ಗಂಡ ಕರಿಯ ತೀರಿಕೊಂಡು ಒಂಬತ್ತು ವರ್ಷ. ಮಗನ ಹೆಸರು ಚಿಕ್ಕ, ಫಾರೆಸ್ಟ್ ಇಲಾಖೆಯಲ್ಲಿ ದಿನಗೂಲಿ. ಸೊಸೆ ಮಾರಿ ಎಡಗೈಯಲ್ಲಿ ಕೊಡ ಎತ್ತಲಾರಳು. ಯಾಕೆ ಎತ್ತಲಾರಳು ಅನ್ನುವುದನ್ನು ಹೇಳದೆ ಚೋಮಿಯ ಕಥೆ ಮುಂದೆ ಹೋಗುವುದಿಲ್ಲ.

ತಿತಿಮತಿ ದಾಟಿ ಕಾಡಿನ ಅಂಚು ಹಿಡಿದು ಹೋದರೆ ಸಿಗುವ ಗಿರಿಜನರ ಹಾಡಿ ಇದು. ಮೂವತ್ತೆರಡು ಮನೆ, ಒಂದೇ ಒಂದು ನಲ್ಲಿ ಇಲ್ಲ. ಹಾಗಂತ ಪಂಚಾಯಿತಿ ನೀರು ಕೊಡುವುದೇ ಇಲ್ಲ ಅಂದುಕೊಳ್ಳಬೇಡಿ. ಆರುನೂರು ಮೀಟರು ಆಚೆ, ರಸ್ತೆ ಬದಿಯಲ್ಲಿ ದೊಡ್ಡ ಟ್ಯಾಂಕು ಕಟ್ಟಿದ್ದಾರೆ. ಅದರ ನೀರು ರಸ್ತೆಯ ಆಚೆಗಿನ ಮನೆಗಳಿಗೆ ಹೋಗುತ್ತದೆ, ಎರಡು ಹೋಂಸ್ಟೇಗಳಿಗೂ ಹೋಗುತ್ತದೆ. ಹಾಡಿಯ ಕಡೆಗೆ ಮಾತ್ರ ಪೈಪು ಹಾಕಿಲ್ಲ. ಹಾಡಿಯ ಹೆಂಗಸರು ಕಾಡಿನೊಳಗಿನ ತೋಡಿಗೆ, ಅಲ್ಲಿನ ಸಣ್ಣ ಹಳ್ಳಕ್ಕೆ, ಹೋಗುತ್ತಾರೆ. ಅದೇ ತೋಡಿಗೆ ಆನೆಗಳೂ ಬರುತ್ತವೆ. ಮೂರು ಬೇಸಿಗೆಯ ಹಿಂದೆ ಒಂಟಿ ಸಲಗವೊಂದು ಅಟ್ಟಿಸಿಕೊಂಡು ಬಂದಾಗ ಮಾರಿ ಓಡುತ್ತ ಬಂಡೆಯ ಮೇಲೆ ಬಿದ್ದಳು. ಮುರಿದ ಮೊಣಕೈ ಸೊಟ್ಟಗೇ ಕೂಡಿಕೊಂಡಿತು.

ಅದೇ ವರ್ಷ ಪಂಚಾಯಿತಿ ಚುನಾವಣೆ ಬಂತು. ಹಾಡಿಯ ವಾರ್ಡು ಪರಿಶಿಷ್ಟ ಪಂಗಡದ ಹೆಂಗಸಿಗೆ ಮೀಸಲಾಯಿತು. ಹಾಡಿಯ ಹಿರಿಯ ಬೀರಜ್ಜ ಚೋಮಿಯ ಜಗಲಿಗೆ ಬಂದು ಕೂತು ಹೇಳಿದ: "ನೀನು ನಿಲ್ಲು ಕೂಸೇ. ನಮ್ಗೆ ಬೇರೆ ಏನೂ ಬೇಡ. ಪೈಪು ಒಂದು ತಕ್ಕೊಂಡು ಬಾ." ಮೂವತ್ತೆರಡು ಮನೆಯೂ ಅವಳಿಗೇ ಓಟು ಹಾಕಿತು, ಅವಳು ಮೆಂಬರಾದಳು.

ಪಂಚಾಯಿತಿಯ ಹೆಸರು ಇಲ್ಲಿ ಬೇಡ, ಹೇಳಿ ಅದಕ್ಕೆ ಮರ್ಯಾದೆ ಕೊಡುವುದೇಕೆ? ಅಧ್ಯಕ್ಷೆ ವೀಣಾ, ಪಿಡಿಒ ಶಿವಪ್ರಕಾಶ್, ಹದಿಮೂರು ಜನ ಮೆಂಬರು. ಚೋಮಿ ಮೀಟಿಂಗಿಗೆ ಹೋದಾಗಲೆಲ್ಲ ಪೈಪಿನ ಮಾತು ಎತ್ತುತ್ತಿದ್ದಳು. ಶಿವಪ್ರಕಾಶ್ ಪ್ರತಿಸಲವೂ ಅದೇ ನಯವಾದ ದನಿಯಲ್ಲಿ "ಅನುದಾನ ಬರ್ಲಿ ಚೋಮಿ, ನೋಡುವ" ಅನ್ನುತ್ತಿದ್ದರು. ಮೈಕು ಕೈಗೆ ಬಂದರೆ ಮಾತ್ರ ಅವಳು ಅವರಿಗೆ 'ಚೋಮಿಯವರು'.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ಮೀಟಿಂಗಿನಲ್ಲಿ ಶಿವಪ್ರಕಾಶ್ ಹೊಸ ಸುದ್ದಿ ಹೇಳಿದರು. ಎಲ್ಲ ಮೆಂಬರುಗಳಿಗೂ ಮೂರು ದಿನದ ಅಧ್ಯಯನ ಪ್ರವಾಸ. ವಿಷಯ: ಗ್ರಾಮೀಣ ಕುಡಿಯುವ ನೀರಿನ ನಿರ್ವಹಣೆ.

ಕುಡಿಯುವ ನೀರು! ಚೋಮಿಯ ಎದೆ ಹಾರಿತು. ಕೊನೆಗೂ ಇವರಿಗೆ ಬುದ್ಧಿ ಬಂತು ಅಂದುಕೊಂಡಳು ಪಾಪ. ಬಿಳಿಯದೆಲ್ಲ ಹಾಲು ಅಂತ ನಂಬುವ ವಯಸ್ಸು ಅವಳದ್ದಲ್ಲ, ಆದರೂ ನಂಬಿದಳು. ಹೊರಡುವ ದಿನ ನಸುಕಿನಲ್ಲೇ ತೋಡಿಗೆ ಹೋಗಿ ಒಂದು ಬಾಟಲಿ ನೀರು ತುಂಬಿಸಿ ತಂದಳು. ಕೊಳೆತ ಎಲೆಯ ಬಣ್ಣ, ಅಡಿಯಲ್ಲಿ ಕೆಸರು. ನೀರಿನ ವಿದ್ಯೆ ಕಲಿಸುವವರಿಗೆ ನಮ್ಮ ನೀರು ತೋರಿಸದಿದ್ದರೆ ಅವರು ಮದ್ದು ಹೇಳುವುದಾದರೂ ಹೇಗೆ? ಡಾಕ್ಟರ ಹತ್ತಿರ ಹೋಗುವವರು ಉಚ್ಚೆ ತೆಗೆದುಕೊಂಡು ಹೋಗುವುದಿಲ್ಲವೇ? ಬಾಟಲಿಯನ್ನು ಹಳೇ ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟುಕೊಂಡಳು.

ಬಸ್ಸಿಗೆ ಎ.ಸಿ. ಇತ್ತು, ಟಿವಿ ಇತ್ತು. ಮಡಿಕೇರಿಯಲ್ಲಿ ತಿಂಡಿ, ಸಂಪಾಜೆ ಘಟ್ಟ ಇಳಿದ ಮೇಲೆ ಮತ್ತೆ ಕಾಫಿ, ಆಮೇಲೆ ಹಾಡು, ಕುಣಿತ. ಸಂಜೆ ಹೊತ್ತಿಗೆ ಕಡಲ ದಡದ ಒಂದು ರೆಸಾರ್ಟು. ಚೋಮಿ ಕೇಳಿದಳು: "ಸಾರ್, ನೀರಿನೋರು ಯಾವಾಗ ಸಿಗ್ತಾರೆ?"

"ನಾಳೆ ಸಿಗ್ತಾರೆ. ಇವತ್ತು ರೆಸ್ಟ್ ಮಾಡಿ."

ನಾಳೆ ಬಂತು. ಬಸ್ಸು ಒಂದು ನೀರು ಶುದ್ಧೀಕರಣ ಘಟಕದ ಮುಂದೆ ನಿಂತಿತು. ಅಂದು ಭಾನುವಾರ, ಗೇಟಿಗೆ ಬೀಗ. ಬೀಗ ಹಾಕಿರುತ್ತದೆ ಅಂತ ಇವರಿಗೆ ಗೊತ್ತಿರಲಿಲ್ಲ ಅಂದುಕೊಂಡಿರಾ? ಬ್ಯಾನರು ಊರಿನಿಂದಲೇ ಪ್ರಿಂಟ್ ಆಗಿ ಬಂದಿತ್ತು! ಗೇಟಿನ ಮುಂದೆ ಬ್ಯಾನರು ಹಿಡಿದು ಎಲ್ಲರೂ ಸಾಲಾಗಿ ನಿಂತರು, ಫೋಟೋ ತೆಗೆದರು, ಮತ್ತೆ ಬಸ್ಸು ಹತ್ತಿದರು. ಅಧ್ಯಯನ ಮುಗಿಯಿತು. ಗಡಿಯಾರ ನೋಡಿದವರು ಇದ್ದಿದ್ದರೆ ಹನ್ನೊಂದು ನಿಮಿಷ ಅಂತ ಹೇಳುತ್ತಿದ್ದರು.

ಮಿಕ್ಕ ದಿನವೆಲ್ಲ ಬೋಟು, ಮೀನು, ಗೋಡಂಬಿ ಅಂಗಡಿ. ಚೋಮಿ ಮತ್ತೊಮ್ಮೆ ಕೇಳಿದ್ದಕ್ಕೆ ಅಧ್ಯಕ್ಷೆ ವೀಣಾ ನಕ್ಕಳು: "ಅಯ್ಯೋ ಚೋಮಕ್ಕ, ಇಷ್ಟು ದೊಡ್ಡ ನೀರು ಎದುರಿಗೇ ಉಂಟಲ್ಲ, ಇನ್ನೇನು ಬೇಕು ನಿಮ್ಗೆ?" ಎಲ್ಲರೂ ನಕ್ಕರು. ಚೋಮಿಯೂ ನಕ್ಕಳು. ಕಡಲನ್ನು ಅವಳು ಅದೇ ಮೊದಲು ನೋಡಿದ್ದು. ಅಲೆಯಲ್ಲಿ ಕಾಲು ಇಟ್ಟಾಗ ಕೂಸಿನ ಹಾಗೆ ಕಿರುಚಿದ್ದೂ ಸುಳ್ಳಲ್ಲ. ರಾತ್ರಿ ಹುರಿದ ಅಂಜಲ್ ಮೀನು ಎರಡು ಸಲ ಹಾಕಿಸಿಕೊಂಡು ತಿಂದದ್ದೂ ಸುಳ್ಳಲ್ಲ. ಮುಂದೆ ಅವಳನ್ನು ಕುಟುಕಿದ್ದು ಆ ಮೀನೇ.

ಬಾಟಲಿಯನ್ನು ಯಾರೂ ನೋಡಲಿಲ್ಲ. ವಾಪಸು ಬರುವಾಗ ಘಟ್ಟದಲ್ಲಿ ಅದನ್ನು ಕಿಟಕಿಯಿಂದ ಚೆಲ್ಲಿದಳು. ಊರು ತಲುಪಿದ ಮೇಲೆ ಒಂದು ಕವರು ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು. ದಿನಭತ್ಯೆ, ಸಾವಿರದ ಐನೂರು. ಮೂರು ದಿನ ಕೂಲಿ ತಪ್ಪಿದ್ದಕ್ಕೆ ಕೊಟ್ಟದ್ದಿರಬೇಕು ಅಂದುಕೊಂಡು ಕವರನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು.

ಈ ವರ್ಷ ಮಾಘದಲ್ಲಿ ಗ್ರಾಮಸಭೆ ಹಾಡಿಯಲ್ಲೇ ಆಗಬೇಕು ಅಂತ ಚೋಮಿ ಹಟ ಹಿಡಿದಳು. ಅಂಗನವಾಡಿ ಮುಂದೆ ಶಾಮಿಯಾನ ಹಾಕಿದರು. ಮೆಂಬರುಗಳು ಕುರ್ಚಿಯಲ್ಲಿ, ಹಾಡಿಯವರು ಚಾಪೆಯಲ್ಲಿ. ತೋಡು ಆಗಲೇ ಅರ್ಧ ಬತ್ತಿತ್ತು. ಪೈಪಿನ ವಿಷಯ ಬಂದಾಗ ಶಿವಪ್ರಕಾಶ್ ಮೈಕು ಹಿಡಿದು, ಎಸ್ಟಿಮೇಟು ಒಂದು ಲಕ್ಷದ ಎಂಬತ್ತು ಸಾವಿರ ಆಗುತ್ತದೆ, ಸದ್ಯಕ್ಕೆ ಪಂಚಾಯಿತಿಯಲ್ಲಿ ಅಷ್ಟು ದುಡ್ಡಿಲ್ಲ, ಮುಂದಿನ ವರ್ಷ ನೋಡೋಣ ಅಂದರು.  'ಮುಂದಿನ ವರ್ಷ' ಚಾಪೆಯ ಮೇಲಿದ್ದವರಿಗೆ ಹಳೆಯ ನೆಂಟ.

ಆಮೇಲೆ ಕ್ಲರ್ಕು ರಂಜಿತಾ ವರ್ಷದ ಜಮಾಖರ್ಚು ಓದತೊಡಗಿದಳು. ಸಭೆಯಲ್ಲಿ ಓದಲೇಬೇಕು ಅಂತ ಕಾನೂನಿದೆ, ಯಾರೂ ಕೇಳಿಸಿಕೊಳ್ಳಬೇಕು ಅಂತ ಇಲ್ಲ. ಬೀದಿದೀಪ, ಚರಂಡಿ, ಸ್ಟೇಷನರಿ ಅಂತ ಹೋಗುತ್ತಿದ್ದವಳು ಅದೇ ಉಸಿರಿನಲ್ಲಿ ಓದಿದಳು: "ಕುಡಿಯುವ ನೀರಿನ ಅಧ್ಯಯನ ಪ್ರವಾಸ, ಎರಡು ಲಕ್ಷದ ಹದಿನಾಲ್ಕು ಸಾವಿರ."

ಚೋಮಿಯ ಕಿವಿ ಆ ಅಂಕಿಯನ್ನು ಹಿಡಿದುಕೊಂಡಿತು. ಎಸ್ಟೇಟಿನಲ್ಲಿ ಚೀಲ ಎಣಿಸಿದ ತಲೆ ಅದು, ಲೆಕ್ಕ ತಾನಾಗಿ ಬಿತ್ತು. ಪೈಪು ಹಾಕಿ, ಮೇಲೆ ಮೂವತ್ತನಾಲ್ಕು ಸಾವಿರ ಮಿಗುತ್ತಿತ್ತು. ಪೈಪನ್ನು ತಾವು ತಿಂದು, ಬೋಟಿನಲ್ಲಿ ತಿರುಗಿ, ಗೋಡಂಬಿ ಕಟ್ಟಿಸಿಕೊಂಡು ಬಂದಿದ್ದಾರೆ. ತಾವು ಅಂದರೆ ತಾನೂ!

ಬೀರಜ್ಜ ಚಾಪೆಯಿಂದಲೇ ಕತ್ತೆತ್ತಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು. "ನೀನೂ ಹೋಗಿದ್ದೆ ಅಲ್ವಾ ಕೂಸೇ?"

ಅಧ್ಯಕ್ಷೆಗೆ ಇದೇ ಬೇಕಾಗಿತ್ತು. "ಹೌದಜ್ಜ, ಚೋಮಕ್ಕನೂ ಬಂದಿದ್ರು. ಭತ್ಯೆ ತಗೊಂಡು ಸಹಿನೂ ಹಾಕಿದಾರೆ. ಎಲ್ಲಾ ರೂಲ್ಸ್ ಪ್ರಕಾರನೇ ಆಗಿದೆ."

ಮಾರಿ ಅತ್ತೆಯ ಮುಖ ನೋಡಲಿಲ್ಲ. ತನ್ನ ಸೊಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಚೋಮಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತನ್ನ ಮನೆಗೆ ನಡೆದಳು. ನಾಚಿಕೆಯಾಗಿ ಹೋದಳು ಅಂತ ಕುರ್ಚಿಯವರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿದರು. ಎರಡು ನಿಮಿಷಕ್ಕೆ ವಾಪಸು ಬಂದಳು, ಕೈಯಲ್ಲಿ ಒಂದು ವೀಳ್ಯದೆಲೆ ಮತ್ತು ಕವರು. ಕವರಿನಲ್ಲಿ ಮುನ್ನೂರು ಖರ್ಚಾಗಿತ್ತು, ಅದನ್ನು ಚಿಕ್ಕನ ಕೂಲಿಯಿಂದ ತುಂಬಿಸಿದ್ದಳು. ಶಿವಪ್ರಕಾಶರ ಮೇಜಿನ ಮೇಲೆ ಎಲೆ ಇಟ್ಟಳು, ಎಲೆಯ ಮೇಲೆ ದುಡ್ಡು ಇಟ್ಟಳು.

"ನಾನು ಹೋಗಿದ್ದೆ ಅಜ್ಜಾ. ನೀರು ಕಲಿಸ್ತಾರೆ ಅಂತ ಹೋದೆ. ಏನೂ ಕಲಿಸ್ಲಿಲ್ಲ. ಬೀಗ ಹಾಕಿದ ಗೇಟಿನ ಮುಂದೆ ಫೋಟೋ ತೆಗೆಸ್ಕೊಂಡೆ. ಮೀನು ತಿಂದೆ, ಎರಡು ಸಲ ತಿಂದೆ. ಸಹಿ ಹಾಕಿದೆ. ತಪ್ಪಾಯ್ತು. ತಪ್ಪು ಕಾಣಿಕೆ ಇಟ್ಟಿದೀನಿ."

ಹಾಡಿಯ ನ್ಯಾಯ ಗೊತ್ತಿಲ್ಲದವರಿಗೆ ಇದು ಒಬ್ಬ ಮುದುಕಿಯ ಹುಚ್ಚಾಟ. ಗೊತ್ತಿದ್ದವರ ಬೆನ್ನು ನೆಟ್ಟಗಾಯಿತು. ಹಾಡಿಯಲ್ಲಿ ಒಬ್ಬರು ತಪ್ಪು ಒಪ್ಪಿ ಕಾಣಿಕೆ ಇಟ್ಟರೆ, ಆ ತಪ್ಪಿನಲ್ಲಿ ಪಾಲಿದ್ದವರೆಲ್ಲ ಇಡಬೇಕು. ಎಲ್ಲರೂ ಇಡುವವರೆಗೆ ಕೂಟ ಏಳುವುದಿಲ್ಲ. ಯಾರೂ ಯಾರ ಹೆಸರನ್ನೂ ಹೇಳುವುದಿಲ್ಲ, ಸುಮ್ಮನೆ ಕಾಯುತ್ತಾರೆ. ಬೀರಜ್ಜ ಮಂಡಿ ಮಡಿಸಿ ಸರಿಯಾಗಿ ಕೂತ. ಮೂವತ್ತೆರಡು ಮನೆಯವರೂ ಹಾಗೇ ಕೂತರು. ಹೆಂಗಸರು ಎದ್ದು ಬಂದು ಶಾಮಿಯಾನದ ಬಾಯಿಯಲ್ಲಿ, ಮೆಂಬರುಗಳ ಜೀಪು ನಿಂತ ಕಡೆ, ಒತ್ತೊತ್ತಾಗಿ ಕೂತರು.

ಶಿವಪ್ರಕಾಶ್ ಎಲೆಯನ್ನು ಅವಳ ಕಡೆಗೆ ಜರುಗಿಸಿದರು. "ಏನಿದು ಚೋಮಿ? ಇದನ್ನ ಯಾವ ಲೆಕ್ಕದ ಹೆಡ್‌ಗೆ ಜಮಾ ಮಾಡ್ಲಿ ನಾನು? ಹೀಗೆಲ್ಲ ತಗೊಳ್ಳೋಕೆ ಅವಕಾಶ ಇಲ್ಲ."

"ತಿನ್ನೋಕೆ ಹೆಡ್ ಇತ್ತಲ್ಲ ಸಾರ್, ವಾಪಸ್ ಕೊಡೋಕೆ ಇಲ್ವಾ?"

"ಈ ಸಾವಿರದ ಐನೂರಲ್ಲಿ ಪೈಪ್ ಬರ್ತದಾ?"

"ಪೈಪು ನೀವು ಹಾಕ್ತೀರಿ. ಇದು ತಪ್ಪಿಗೆ."

ಒಂದು ಗಂಟೆಯಾಯಿತು. ಊಟದ ಹೊತ್ತು ಮೀರಿತು. ಅಧ್ಯಕ್ಷೆ ಒಮ್ಮೆ ಎದ್ದು ಜೀಪಿನ ಕಡೆ ಹೊರಟಳು. ದಾರಿಯಲ್ಲಿ ಕೂತ ಹೆಂಗಸರು ಬಯ್ಯಲಿಲ್ಲ, ಜರುಗಲೂ ಇಲ್ಲ. ಅವಳ ಕಾಲ ಬುಡದಲ್ಲೇ ಮಾರಿ ಕೂತಿದ್ದಳು. ಸೆರಗಿನಿಂದ ಕೈ ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು, ಅಷ್ಟೇ. ವೀಣಾ ಆ ಕೈ ನೋಡಿದಳು. ಬಹಳ ಹೊತ್ತು ನೋಡಿದಳು. ತಿರುಗಿ ಬಂದು ಕುರ್ಚಿಯಲ್ಲಿ ಕೂತು ತಲೆ ತಗ್ಗಿಸಿದಳು.

ಮೊದಲು ಎದ್ದವನು ತೇಜಸ್, ಮೂರನೇ ವಾರ್ಡಿನ ಹುಡುಗ ಮೆಂಬರು. ಕೆಂಪಾದ ಮುಖದಲ್ಲಿ ಜೇಬಿನಿಂದ ನೋಟು ತೆಗೆದು ಎಲೆಯ ಮೇಲೆ ಇಟ್ಟ. ಅವನ ಹಿಂದೆ ಇಬ್ಬರು. ಆಮೇಲೆ ವೀಣಾ ಬ್ಯಾಗು ತೆರೆದಳು. ದುಡ್ಡು ಇಟ್ಟು, ಮೈಕಿಲ್ಲದೆ ಹೇಳಿದಳು: "ಸಾರ್, ಕಚೇರಿಗೆ ಟೈಲ್ಸ್ ಹಾಕೋಕೆ ಇಟ್ಟ ದುಡ್ಡು ಉಂಟಲ್ಲ, ಆ ಟೈಲ್ಸ್ ಬೇಡ. ಅದನ್ನ ತೆಗೆದು ಈ ಪೈಪನ್ನ ಮೊದಲ್ನೇ ಕೆಲಸ ಅಂತ ಬರೀರಿ. ಈಗ್ಲೇ, ಇಲ್ಲೇ ಬರೀರಿ."

ಉಳಿದ ಮೆಂಬರುಗಳೂ ಒಬ್ಬೊಬ್ಬರಾಗಿ ದುಡ್ಡು ಇಡುತ್ತಿದ್ದಂತೆ ಶಿವಪ್ರಕಾಶ್ ನಡಾವಳಿ ಪುಸ್ತಕದಲ್ಲಿ ಬರೆದರು. ಕೊನೆಗೆ ತಮ್ಮ ಪರ್ಸು ತೆಗೆದರು, ಯಾರ ಮುಖವನ್ನೂ ನೋಡದೆ. ಇನ್ನು ದುಡ್ಡು ಇಟ್ಟವರ ಹೆಸರು ಬರೆಯಬೇಕಿತ್ತು. ಹೊಸ ಹಾಳೆ ತಿರುವಿ, ಪೆನ್ನು ಹಿಡಿದು ಕೇಳಿದರು: "ಮೇಲೆ ಏನಂತ ಬರೀಲಿ? ವಂತಿಕೆ ಅನ್ನುವಾ? ದೇಣಿಗೆ?"

ಸಾರ್ವಜನಿಕರ ದುಡ್ಡು ತಿಂದು ಕಕ್ಕಿದ್ದಕ್ಕೆ ದೇಣಿಗೆ ಅಂತೆ! ಚೋಮಿ ಮೇಜಿನ ಹತ್ತಿರ ಬಂದು ನಿಂತಳು, ಅವರ ಮುಖವನ್ನೇ ನೋಡಿದಳು.

"ಪೈಪು ತಿಂದೋರು ಅಂತ ಬರೀರಿ ಸಾರ್. ಮೊದಲು ನನ್ ಹೆಸರು ಹಾಕಿ."