ಮಾವ ನನ್ನನ್ನು ಕುದುರೆ ಹತ್ತಿಸಿದ್ದು

ಗಂಡ ತೀರಿಕೊಂಡಾಗ ನನಗೆ ಇಪ್ಪತ್ತೊಂಬತ್ತು. ಕಾಮಾಲೆ ಎಂದು ಗೊತ್ತಾದ ಹನ್ನೊಂದನೇ ದಿನಕ್ಕೆ ಆಸ್ಪತ್ರೆಯಲ್ಲೇ ಹೋಗಿಬಿಟ್ಟರು. ನಾನು ಗುಡೇಕೋಟೆ ಕಡೆಯ ಒಂದು ಹಳ್ಳಿಯಲ್ಲಿ ನರ್ಸ್. ಸುತ್ತಲಿನ ಊರುಗಳಿಗೆ ಹೋಗಿ ಬಾಣಂತಿಯರನ್ನು ನೋಡುವುದು, ಕೂಸುಗಳಿಗೆ ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ತೊಂಬತ್ತರ ದಶಕದ ನಡುವಿನ ಮಾತು. ಆ ಗುಡ್ಡಗಳ ನಡುವೆ ಬಸ್ಸಿರಲಿಲ್ಲ. ಮೊದಲೆಲ್ಲ ಗಂಡ ಸೈಕಲ್ಲಿನಲ್ಲಿ ಬಿಟ್ಟು ಬರುತ್ತಿದ್ದರು. ಅವರು ಹೋದ ಮೇಲೆ ನಡೆದೇ ಹೋಗತೊಡಗಿದೆ. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ನಡು ಹಿಡಿದುಕೊಂಡು ಎಷ್ಟೋ ಸಲ ದಾರಿಯಲ್ಲೇ ಕೂತುಬಿಡುತ್ತಿದ್ದೆ.

ಮನೆಯಲ್ಲಿ ಉಳಿದವರು ನಾನು ಮತ್ತು ಮಾವ. ಮಾವ ಕುರಿ ಕಾಯ್ದು ಬದುಕಿದವರು. ವಯಸ್ಸಾಯಿತೆಂದು ಕುರಿಗಳನ್ನೆಲ್ಲ ಮಾರಿದರೂ, ಹಿಂಡಿನ ಜೊತೆ ಸಾಮಾನು ಹೊರುತ್ತಿದ್ದ ಕಂದು ಹೆಣ್ಣುಕುದುರೆಯನ್ನು ಮಾತ್ರ ಉಳಿಸಿಕೊಂಡಿದ್ದರು. ಒಂದು ಬೆಳಿಗ್ಗೆ ಅದರ ಬೆನ್ನಿಗೆ ಕಂಬಳಿ ಬಿಗಿದು ಅಂಗಳದಲ್ಲಿ ನಿಲ್ಲಿಸಿದರು.

"ಹತ್ತವ್ವ," ಅಂದರು.

"ಮಂದಿ ಏನಂತಾರ್ರಿ ಮಾವ?"

"ಮಂದಿ ನಿನ್ನ ಬದ್ಲಿ ನಡೀತಾರೇನು? ಹತ್ತು."

ಒಣಗಿದ ಕೆರೆಯಂಗಳದಲ್ಲಿ ಹದಿನೈದು ದಿನ ಹಗ್ಗ ಹಿಡಿದು ನಡೆಸಿದರು. "ಬೆನ್ನು ನೆಟ್ಟಗ ಇಡವ್ವ. ನೀ ಕುಗ್ಗಿದ್ರ ಅದೂ ಅಳುಕತೈತಿ." ತೊಡೆಗಳು ಕೊಚ್ಚಿ ಹಾಕಿದಂತೆ ನೋಯುತ್ತಿದ್ದವು. ಆದರೆ ಗಂಡ ಹೋದಾಗಿನಿಂದ ಬಾರದಿದ್ದ ನಿದ್ದೆ ಮೊದಲ ದಿನದ ರಾತ್ರಿಯೇ ಬಂತು, ಎದ್ದಾಗ ಬಿಸಿಲೇರಿತ್ತು. ವಾರದೊಳಗೆ ಹಸಿವೂ ಶುರುವಾಯಿತು. ಎರಡನೇ ರೊಟ್ಟಿಗೆ ಕೈ ಚಾಚಿದವಳು ನಾಚಿಕೆಯಾಗಿ ಹಿಂದಕ್ಕೆಳೆದುಕೊಂಡೆ. ಮಾವ ಆ ರೊಟ್ಟಿಯನ್ನು ನನ್ನ ಗಂಗಾಳಕ್ಕೆ ಹಾಕಿದರು.

"ಗಂಡ ಸತ್ತು ವರ್ಷ ತುಂಬಿಲ್ಲ, ಕುದುರಿ ಏರ್ಯಾಳ ನೋಡು," ಎಂದು ಬೋರಿನ ಹತ್ತಿರ ಒಬ್ಬಾಕೆ ನನಗೆ ಕೇಳುವಂತೆಯೇ ಅಂದಳು. ನಾನು ಇಳಿಯಲಿಲ್ಲ. ನಾಲ್ಕು ವರ್ಷ ಹಾಗೇ ಓಡಾಡಿದೆ. ನಡುನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕುದುರೆಯ ಮೇಲೆ ಕೂತಾಗ ಕಲ್ಲು, ಮುಳ್ಳು, ಇಳಿಜಾರು ನೋಡಬೇಕು. ಆಸ್ಪತ್ರೆಯ ಆ ಹನ್ನೊಂದು ದಿನಗಳನ್ನು ನೆನೆಯಲು ಬಿಡುವಿರುತ್ತಿರಲಿಲ್ಲ. ಯಾರೂ ಇಲ್ಲದ ಕಡೆ ಗಂಡನ ವಿಷಯ ಅದರ ಹತ್ತಿರ ಮಾತಾಡುತ್ತಿದ್ದೆ. ಕಿವಿ ಹಿಂದಕ್ಕೆ ತಿರುಗಿಸಿ ಕೇಳುತ್ತಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ಅದು ಹೊಟ್ಟೆನೋವಿಗೆ ಹೊರಳಾಡತೊಡಗಿತು. ಕೂಡ್ಲಿಗಿಯಿಂದ ಬಂದ ದನದ ಡಾಕ್ಟರು ಸೂಜಿ ಹಾಕಿ, "ಮಲಗಾಕ ಬಿಡಬ್ಯಾಡ್ರಿ, ನಡಸ್ರಿ," ಅಂದರು. ಮಧ್ಯಾಹ್ನದವರೆಗೆ ಮಾವ ಸ್ವಲ್ಪ ಹೊತ್ತು, ನಾನು ಸ್ವಲ್ಪ ಹೊತ್ತು ನಡೆಸಿದೆವು. ಬೇವಿನ ಮರದ ಬಳಿ ಮಂಡಿಯೂರಿದ್ದು ಮತ್ತೆ ಏಳಲಿಲ್ಲ. ಮಾವ ಅದರ ಕಣ್ಣಿನ ಮೇಲಿನ ನೊಣ ಓಡಿಸುತ್ತ ಬಹಳ ಹೊತ್ತು ಕೂತಿದ್ದರು.

ತಿಂಗಳ ಮೇಲೆ ಕೇಳಿದರು, "ಇಲ್ಲೇ ಅರಸೀಕೆರಿ ಕಡೆ ಕುರಿಗಾರರತ್ರ ಒಂದು ಕುದುರಿ ಐತಂತ. ನೋಡಿ ಬರ್ಲೇನವ್ವ?"

"ಬ್ಯಾಡ್ರಿ ಮಾವ. ಈಗ ಟೆಂಪೋ ಬರ್ತಾವಲ್ಲ. ನನಗ ಇನ್ನ ಬೇಕಾಗಿಲ್ಲ."

"ಹೂಂ," ಅಂದರು.

ನನಗೆ ಬೇಕೋ ಬೇಡವೋ ಎಂದಷ್ಟೇ ಯೋಚಿಸಿದ್ದೆ. ನಸುಕಿನಲ್ಲೆದ್ದು ಹುಲ್ಲು ಕೊಯ್ದು ತರುವುದು, ನೀರಿಗೆ ಹೊಡೆದುಕೊಂಡು ಹೋಗುವುದು, ಮೈ ಉಜ್ಜುವುದು, ಎಲ್ಲ ಮಾವನದೇ ಆಗಿತ್ತು. ಕುದುರೆ ಹೋದ ಮೇಲೆ ಕಟ್ಟೆಯ ಮೇಲೆ ಕೂರತೊಡಗಿದರು. ಬರುಬರುತ್ತ ಮೊಣಕಾಲು ಹಿಡಿದುಕೊಂಡವು. ಮುಂದಿನ ಮಳೆಗಾಲಕ್ಕೆ ಹಾಸಿಗೆ ಬಿಟ್ಟು ಏಳದಾದರು. ಮಗನನ್ನು ಕಳೆದುಕೊಂಡ ಆ ಮುದುಕರು ಇಷ್ಟು ದಿನ ಯಾವುದರ ಬಲದಿಂದ ಎದ್ದು ಓಡಾಡುತ್ತಿದ್ದರು ಎಂಬುದು ನರ್ಸ್ ಆಗಿಯೂ ನನಗೆ ಆಗಷ್ಟೇ ಹೊಳೆಯಿತು.

ಗಂಜಿ ಕುಡಿಸುತ್ತ ಒಂದು ದಿನ ಕೇಳಿಯೇಬಿಟ್ಟೆ. "ಅವತ್ತು ನಾ ಬ್ಯಾಡ ಅಂದಿದ್ದಕ್ಕ ಬ್ಯಾಸರಾತೇನ್ರಿ ಮಾವ?"

"ನಿನಗ ಬ್ಯಾಡಾಗಿತ್ತಲ್ಲವ್ವ, ಬಿಡು," ಅಂದರು.

ದೀಪಾವಳಿಗೆ ಇನ್ನೂ ಎಂಟು ದಿನವಿರುವಾಗ ಹೋದರು.