ಒಳಗೆ ಉಳಿದದ್ದೆಷ್ಟು

ನನ್ನ ಗಂಡನಿಗೆ ಹಂದಿಯ ಲದ್ದಿ ತೂಗುವ ಕೆಲಸ. ಊರಾಚೆ ಹಂದಿಗಳ ಮೇವನ್ನು ಪರೀಕ್ಷೆ ಮಾಡುವ ಒಂದು ಕೇಂದ್ರವಿತ್ತು. ಮದುವೆಗೆ ಮುಂಚೆಯೇ ಅಲ್ಲಿ ಸೇರಿದ್ದರು, ಕಾಯಿಲೆ ಬೀಳುವವರೆಗೂ ಅಲ್ಲೇ ಇದ್ದರು. ಯಾರಾದರೂ ಕೇಳಿದರೆ ನಾನು ಸರ್ಕಾರಿ ಕೆಲಸ ಎಂದು ಮಾತು ಮುಗಿಸುತ್ತಿದ್ದೆ. ಅವರು ಮುಗಿಸಲು ಬಿಡುತ್ತಿರಲಿಲ್ಲ. ನನ್ನ ತಂಗಿಯ ಮದುವೆಯಲ್ಲಿ ಊಟಕ್ಕೆ ಕೂತು, ಲದ್ದಿಯನ್ನು ಹದವಾಗಿ ಒಣಗಿಸುವುದು ಹೇಗೆ ಎಂದು ಬೀಗರಿಗೆ ವಿವರಿಸತೊಡಗಿದರು.

"ಲದ್ದಿ ಭಾವ, ಅವರು ಕೈ ತೊಳೆಯೋವರೆಗಾದ್ರೂ ಸುಮ್ನಿರಿ" ಎಂದಳು ತಂಗಿ. ಅಂದಿನಿಂದ ನಮ್ಮ ಕಡೆಯವರಿಗೆಲ್ಲ ಅವರು ಲದ್ದಿ ಭಾವ. ಅವರಿಗೆ ಬೇಸರವೇನೂ ಇರಲಿಲ್ಲ.

ಕೆಲಸ ಹೀಗೆ. ಕಬ್ಬಿಣದ ಇಕ್ಕಟ್ಟಾದ ಗೂಡು, ಒಂದಕ್ಕೆ ಒಂದೇ ಹಂದಿ. ಮಲಗಬಹುದು, ತಿರುಗಿ ನಿಲ್ಲಲಾಗದು. ಮುಂದೆ ಮೇವಿನ ತೊಟ್ಟಿ, ಹಿಂದೆ ಲದ್ದಿಗೆ ತಟ್ಟೆ, ಕೆಳಗೆ ಉಚ್ಚೆಗೆ ಬಕೆಟ್ಟು. ಒಂದು ಹಂದಿಗೆ ಬರೀ ಹಿಟ್ಟಿನ ಮೇವು. ಪಕ್ಕದ್ದಕ್ಕೆ ಅದೇ ಮೇವು, ಕೊಬ್ಬು ಬೆರೆಸಿ. ಒಮ್ಮೆ ದನದ ಕೊಬ್ಬು, ಒಮ್ಮೆ ಸೋಯಾ ಎಣ್ಣೆ, ಒಮ್ಮೆ ಹೋಟೆಲಿನವರು ಕರಿದು ಬಿಟ್ಟ ಎಣ್ಣೆ. ತಿಂದದ್ದನ್ನೂ ತೂಗಬೇಕು, ಹೊರಗೆ ಬಂದದ್ದನ್ನೂ ತೂಗಬೇಕು. ಲದ್ದಿಯನ್ನು ಒಣಗಿಸಿ, ಪುಡಿ ಮಾಡಿ, ಚಿಟಿಕೆಯಷ್ಟನ್ನು ಉಕ್ಕಿನ ಡಬ್ಬಿಯಲ್ಲಿ ಹಾಕಿ ಸುಡುತ್ತಾರೆ. ಡಬ್ಬಿ ನೀರಿನಲ್ಲಿ ಮುಳುಗಿರುತ್ತದೆ. ನೀರು ಎಷ್ಟು ಬಿಸಿಯಾಯಿತು ಎಂದು ನೋಡಿದರೆ ಲದ್ದಿಯಲ್ಲಿ ಎಷ್ಟು ಶಕ್ತಿ ಹೋಯಿತು ಎಂದು ತಿಳಿಯುತ್ತದೆ. ಮೇವನ್ನೂ ಹಾಗೆಯೇ ಸುಡುತ್ತಾರೆ. ಮೇವಿನ ಶಕ್ತಿಯಲ್ಲಿ ಲದ್ದಿಯದನ್ನು ಕಳೆದರೆ ಹಂದಿಗೆ ದಕ್ಕಿದ್ದೆಷ್ಟು ಎನ್ನುವುದು ಸಿಗುತ್ತದೆ. ಆಮೇಲೆ ಎರಡು ಹಂದಿಗಳನ್ನು ಹೋಲಿಸಿ ಕೊಬ್ಬಿನ ಪಾಲೆಷ್ಟು ಎಂದು ಹೇಳುತ್ತಾರೆ.

"ಕೊಬ್ಬನ್ನೇ ನೇರವಾಗಿ ಸುಟ್ಟು ನೋಡಿದ್ರೆ ಆಯ್ತಲ್ಲ? ಪಾಪದ ಪ್ರಾಣಿಗಳನ್ನ ಯಾಕೆ ಗೂಡಿಗೆ ಹಾಕ್ತೀರಿ?" ಎಂದು ಒಮ್ಮೆ ಕೇಳಿದ್ದೆ.

"ಬೆಂಕಿಗೆ ಎಲ್ಲಾ ಕೊಬ್ಬೂ ಹೆಚ್ಚುಕಡಿಮೆ ಒಂದೇ ಕಣೇ. ಹೊಟ್ಟೆಗೆ ಹಾಗಲ್ಲ. ಎಳೇ ಮರಿಗೆ ದನದ ಕೊಬ್ಬು ಹಾಕು, ಎಷ್ಟೋ ಹಾಗೇ ಹಿಂದಿನಿಂದ ಬರುತ್ತೆ. ಎಣ್ಣೆ ಹಾಕು, ಉಳ್ಕೊಳ್ಳುತ್ತೆ."

"ಹಂದಿ ಹೊಟ್ಟೆ ಇಷ್ಟು ಗೊತ್ತು, ಹೆಂಡತಿ ಹಸಿದಿದಾಳಾ ಅಂತ ಗೊತ್ತಿಲ್ಲ."

"ನೀನು ಗೂಡಲ್ಲಿ ನಿಲ್ಲಲ್ವಲ್ಲೇ, ಹೇಗೆ ಗೊತ್ತಾಗ್ಬೇಕು?"

ನಿವೃತ್ತಿಗೆ ಇನ್ನೇನು ಹತ್ತಿರವಿದ್ದಾಗ ಅವರ ಮೈ ಇಳಿಯತೊಡಗಿತು. ಹೊಟ್ಟೆಯೊಳಗೆ ಮೇದೋಜೀರಕ ಎಂಬ ಗ್ರಂಥಿಯಿದೆಯಂತೆ, ಅದರಲ್ಲಿ ಗಂಟು. ಅದರ ರಸ ಇಳಿಯದಿದ್ದರೆ ಕೊಬ್ಬು ಅರಗುವುದಿಲ್ಲ. ಗಂಟನ್ನು ಕೊಯ್ದು ತೆಗೆಯಬಹುದು, ಆದರೆ ಇಷ್ಟು ಸೊರಗಿದ ಮೈ ಅದನ್ನು ತಾಳದು ಎಂದರು ಡಾಕ್ಟರು. ತೂಕ ಐವತ್ತು ಕಿಲೋ ಮುಟ್ಟಿದರೆ ಆಪರೇಷನ್. ಇಲ್ಲದಿದ್ದರೆ ಇಲ್ಲ. ಆಗ ನಲವತ್ತಾರು ಇದ್ದರು.

ಹಿಟ್ಟಿಗಿಂತ ಕೊಬ್ಬಿನಲ್ಲಿ ಎರಡರಷ್ಟಕ್ಕೂ ಮಿಗಿಲಾದ ಶಕ್ತಿ ಇರುತ್ತದೆ. ಅವರೇ ಹೇಳಿದ್ದು. ನಾನು ಗಂಜಿಗೆ ಬೆಣ್ಣೆ ಹಾಕಿದೆ, ಹಾಲಿಗೆ ಕೆನೆ ಹಾಕಿದೆ, ಮೊಟ್ಟೆಯನ್ನು ಎಣ್ಣೆಯಲ್ಲಿ ಮುಳುಗಿಸಿದೆ. ಎಲ್ಲಾ ತಿಂದರು. ತೂಕ ಇನ್ನೂ ಇಳಿಯಿತು.

ಒಂದು ಬೆಳಿಗ್ಗೆ ಕಕ್ಕಸಿನಿಂದ ಕೂಗಿದರು. "ಇಲ್ಲಿ ಬಾ, ನೋಡು."

"ಥೂ! ನಾನ್ಯಾಕೆ ನೋಡ್ಲಿ?"

"ನೋಡೇ ಅಂದ್ರೆ. ತೇಲ್ತಾ ಇದೆ. ಬರೀ ಜಿಡ್ಡು. ನಿನ್ನ ಬೆಣ್ಣೆಯೆಲ್ಲಾ ಇಲ್ಲಿದೆ."

ನೋಡಿದೆ. ನೀರಿನ ಮೇಲೆ ಎಣ್ಣೆಯ ಪದರವೇ ನಿಂತಿತ್ತು.

"ಅದಕ್ಕೇ ಗುಳಿಗೆ ಕೊಟ್ಟಿದಾರಲ್ಲ, ಊಟದ ಜೊತೆ?"

"ನೀನು ಬಾಣಲೆಗಟ್ಟಲೆ ಸುರಿದ್ರೆ ಗುಳಿಗೆ ಏನು ಮಾಡುತ್ತೆ? ಬಟ್ಟಲಿಗೆ ಹಾಕಿದ್ದು ಲೆಕ್ಕಕ್ಕಿಲ್ಲ ಕಣೇ. ಒಳಗೆ ಉಳಿದದ್ದೆಷ್ಟು, ಅದನ್ನ ಹೇಳು."

"ಹಾಗಾದ್ರೆ ಏನು ಹಾಕ್ಲಿ, ನನ್ನ ತಲೇನಾ?" ಎಂದು ರೇಗಿದೆ.

ಡಾಕ್ಟರನ್ನು ಕೇಳಿದೆವು. ಸದ್ಯಕ್ಕೆ ಜಿಡ್ಡು ಇಳಿಸಿ, ಗುಳಿಗೆ ಹೆಚ್ಚಿಸೋಣ, ಸ್ವಲ್ಪಸ್ವಲ್ಪವಾಗಿ ಆಗಾಗ ಉಣಿಸಿ ಎಂದರು. ಬೆಣ್ಣೆ ಬಿಟ್ಟೆ. ಬೇಯಿಸಿದ ಕೋಳಿ, ತೆಳ್ಳನೆ ಗಂಜಿ, ಬೆಂದ ತರಕಾರಿ. ತೂಕ ಇಳಿಯುವುದು ನಿಂತಿತು. ಆಮೇಲೆ ಮೆಲ್ಲಗೆ ಏರಿತು. ನಲವತ್ತೆಂಟಕ್ಕೆ ಬಂದು ಅಲ್ಲೇ ಕೂತಿತು. ಎಷ್ಟು ಉಣಿಸಿದರೂ ಅಲ್ಲಿಂದ ಅಲ್ಲಾಡಲಿಲ್ಲ.

ಡಾಕ್ಟರು ತೀರ್ಮಾನ ಹೇಳುವ ದಿನ ಬಂತು. ಮೂಲೆಯ ಅಂಗಡಿಯವನನ್ನು ಕೇಳಿ ತಕ್ಕಡಿಗಿಡುವ ಒಂದೊಂದು ಕಿಲೋದ ಕಬ್ಬಿಣದ ಕಲ್ಲು ಮೂರು ತಂದೆ. ಅವರ ಹಳೆಯ ಕೋಟಿನ ಒಳಜೇಬುಗಳಲ್ಲಿ ಇಟ್ಟು ಬಾಯಿ ಹೊಲಿದೆ. ಕೋಟು ತೊಡಿಸುವಾಗ ಅವರು ನನ್ನ ಮುಖ ನೋಡಿದರು. ಆಮೇಲೆ ತೋಳು ತೂರಿಸಿದರು.

ಆಸ್ಪತ್ರೆಯಲ್ಲಿ ತೂಕದ ಯಂತ್ರ ಹತ್ತಿದರು. ಮುಳ್ಳು ಐವತ್ತು ದಾಟಿತು. ನರ್ಸ್ "ಪರವಾಗಿಲ್ವೇ ಅಜ್ಜ, ಚೆನ್ನಾಗಿ ತಿಂದಿದೀರಿ!" ಎಂದಳು. ನನಗೆ ಉಸಿರು ಬಂತು.

ಅವರು ಯಂತ್ರದ ಮೇಲೆಯೇ ನಿಂತು ಕೋಟು ಬಿಚ್ಚಿದರು. ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಕಲ್ಲನ್ನ ಕೊಯ್ಯಲ್ಲ ಕಣೇ ಅವರು. ನನ್ನನ್ನ ಕೊಯ್ಯೋದು."

ನರ್ಸ್ ನಕ್ಕಳು, ನನ್ನನ್ನು ನೋಡಿ ನಿಲ್ಲಿಸಿದಳು. ಡಾಕ್ಟರು ಆಗುವುದಿಲ್ಲ ಎಂದರು. ಇವರು ಕೋಟು ಬಿಚ್ಚದೆ ಸುಮ್ಮನಿದ್ದಿದ್ದರೆ ಡಾಕ್ಟರು ಕೊಯ್ಯುತ್ತಿದ್ದರೇನೋ. ಮೇಜಿನ ಮೇಲೆಯೇ ಹೋಗುತ್ತಿದ್ದರೋ, ಇನ್ನೂ ನಾಲ್ಕು ವರ್ಷ ಇರುತ್ತಿದ್ದರೋ, ಯಾರಿಗೆ ಗೊತ್ತು. ನನಗೆ ಅವರ ಮೇಲೆ ಸಿಟ್ಟಿದೆ. ಇಂದಿಗೂ ಇದೆ.

ಬಸ್ಸು ಹಿಡಿದು ವಾಪಸಾದೆವು. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಆಲೂಗಡ್ಡೆ ಕರಿ" ಎಂದರು.

"ಕರಿದದ್ದು ಬೇಡ ಅಂದಿದಾರೆ."

"ಯಾಕೆ ಬೇಡ ಅಂದಿದ್ರು? ತೂಕ ಬರ್ಲಿ ಅಂತ. ಇನ್ನು ಯಾರು ತೂಗ್ತಾರೆ? ಕರಿಯೇ."

ಕರಿದೆ. ಗೋಡೆಗೆ ಒರಗಿ ಕೂತು, ಬೆರಳು ಸುಟ್ಟುಕೊಳ್ಳುತ್ತಾ, ಒಂದು ಚೂರೂ ಬಿಡದೆ ತಿಂದರು. ಸಂಜೆಯ ಹೊತ್ತಿಗೆ ಎಲ್ಲಾ ಹೊರಗೆ ಬಂತು. ತೊಳೆದು, ಬಟ್ಟೆ ಬದಲಿಸಿ ಮಲಗಿಸಿದೆ.

"ಹೊಟ್ಟೆ ನೋಯ್ತಾ ಇದೆಯಾ?"

"ನೋಯ್ತಾ ಇದೆ. ಉಪ್ಪು ಸ್ವಲ್ಪ ಕಮ್ಮಿಯಾಗಿತ್ತು."

ಅದಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಕೇಳಿದಾಗೆಲ್ಲ ಕರಿದುಕೊಟ್ಟೆ.